ಗೋಡೆಯ ಮೇಲಿನ ಒತಾಸೀಲಿಯಾ

ನಮ್ಮ ದೊಡ್ಡಮ್ಮ ಒತಾಸೀಲಿಯಾ ಹನ್ನೆರಡನೇ ವಯಸ್ಸಿನಿಂದ ಮಡಕೆ ಮಾಡಿದವಳು. ನಮ್ಮ ವಿಟೋರಿಯಾ ಪಟ್ಟಣದ ಯಾವ ಹೋಟೆಲಿಗೆ ಹೋಗಿ ಮೊಕೇಕಾ ಕೇಳಿದರೂ ಆ ಮೀನಿನ ಸಾರು ನಮ್ಮ ಗೊಯಾಬೇರಾಸ್ ಕೇರಿಯ ಕಪ್ಪು ಮಡಕೆಯಲ್ಲೇ ಬರಬೇಕು. ಚಕ್ರ ಮುಟ್ಟದೆ ಕೈಯಲ್ಲೇ ಎಬ್ಬಿಸಿ, ಬಯಲಲ್ಲಿ ಸುಟ್ಟು, ಇನ್ನೂ ನಿಗಿನಿಗಿ ಇರುವಾಗಲೇ ಅಳಿವೆಯ ಕಾಂಡ್ಲಾ ಮರದ ತೊಗಟೆಯ ರಸದಲ್ಲಿ ಅದ್ದಿದ ಪೊರಕೆಯಿಂದ ಬಡಿದರೆ ಏರುವ ಕಪ್ಪು ಅದು. ಹಾಗೆ ಬಡಿದು ಬಡಿದು, ಬೆಂಕಿಯ ಝಳಕ್ಕೆ ದೊಡ್ಡಮ್ಮನ ಎಡಗಡೆಯ ಹುಬ್ಬು ಸುಟ್ಟುಹೋಗಿದೆ. ಮತ್ತೆ ಬೆಳೆಯಲೇ ಇಲ್ಲ.

ಇಷ್ಟಾಗಿಯೂ ಅವಳು ಒಂದು ದಿನವೂ ಊರು ನೋಡಿದವಳಲ್ಲ, ಹೋಟೆಲಿನಲ್ಲಿ ಉಂಡವಳಲ್ಲ. ಎಪ್ಪತ್ತು ತುಂಬಿದ ದಿನ ನನ್ನ ಹತ್ತಿರ ಹಟ ಹಿಡಿದಳು.

"ನನ್ನ ಮಡಕೇಲಿ ಬೇರೆಯೋರು ಬೇಯಿಸಿದ್ದನ್ನ ಕೂತ್ಕೊಂಡು ತಿನ್ಬೇಕು ಕಣೇ ಇವಾನಿ. ಸಾಯೋದ್ರೊಳಗೆ ಒಂದ್ಸಲ."

ಮರುದಿನ ಬೆಳಿಗ್ಗೆ ಪೆನ್ಯಾ ಬೆಟ್ಟ ಹತ್ತಿದೆವು. ಮಿಕ್ಕವರೆಲ್ಲ ಸಮುದ್ರದ ಕಡೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವಳು ನಾವು ಮಣ್ಣು ತೆಗೆಯುವ ಕಣಿವೆಯನ್ನು ಹುಡುಕುತ್ತಿದ್ದಳು.

"ಅದನ್ನ ದಿನಾ ನೋಡ್ತೀಯಲ್ಲ ದೊಡ್ಡಮ್ಮಾ. ಸಮುದ್ರ ನೋಡು."

"ಸಮುದ್ರ ಎಲ್ಲೂ ಓಡಿಹೋಗಲ್ಲ. ಮಣ್ಣು ಮುಗಿಯುತ್ತೆ" ಎಂದಳು.

ಮಧ್ಯಾಹ್ನ ದಡದ ದೊಡ್ಡ ಹೋಟೆಲಿಗೆ ಹೋದೆವು. ಹನ್ನೊಂದು ವರ್ಷದ ಹಿಂದೆ ಇವಳಿಂದ ಮೂವತ್ತು ಮಡಕೆ ಕೊಂಡು, ಫೋಟೋ ಹೊಡೆದುಕೊಂಡು ಹೋದವರು ಅವರೇ. ಒಳಗೆ ಕಾಲಿಡುತ್ತಲೇ ಗೋಡೆಯ ಮೇಲೆ ಪೊರಕೆ ಹಿಡಿದ ದೊಡ್ಡಮ್ಮ. ಕೆಳಗೆ, 'ನಮ್ಮ ಮಡಕೆಗಳ ತಾಯಿ' ಎಂದು ಬರೆದಿತ್ತು. ಅವಳಿಗೆ ಒಳಗೊಳಗೇ ಖುಷಿ. ತಲೆವಸ್ತ್ರವನ್ನು ಹುಬ್ಬು ಮುಚ್ಚುವಂತೆ ಎಳೆದುಕೊಂಡು, "ಹೇಳ್ಬೇಡ, ಸುಮ್ನಿರು" ಎಂದು ಆ ಚಿತ್ರದ ಕೆಳಗೇ ಕುಳಿತಳು.

ಮೊಕೇಕಾ ಬಂತು. ಮುಚ್ಚಳ ತೆಗೆದಾಗ ಹಬೆಯೇನೋ ಎದ್ದಿತು, ಸದ್ದಿಲ್ಲ. ನಮ್ಮ ಮಡಕೆ ಒಲೆಯಿಂದ ಇಳಿದು ಮೇಜಿಗೆ ಬಂದ ಮೇಲೂ ಎಷ್ಟೋ ಹೊತ್ತು ಕೊತಕೊತ ಕುದಿಯುತ್ತಿರುತ್ತದೆ. ದೊಡ್ಡಮ್ಮ ಚಮಚ ಕೆಳಗಿಟ್ಟಳು. ಮೇಜಿನ ಮೇಲಿದ್ದ ಕೈಬಟ್ಟೆಗೆ ನಿಂಬೆಹಣ್ಣು ಹಿಂಡಿ ಮಡಕೆಯ ಹೊಟ್ಟೆಯನ್ನು ಗಸಗಸ ಉಜ್ಜಿದಳು. ಬಟ್ಟೆಗೆ ಕಪ್ಪು ಬಣ್ಣ ಹತ್ತಿತು. ತೊಗಟೆಯ ಕಪ್ಪು ಹೀಗೆ ಬಿಡುವುದಿಲ್ಲ.

ಹೋಟೆಲಿನ ಯಜಮಾನ ಧಾವಿಸಿ ಬಂದ. "ಏನಜ್ಜೀ, ಊಟ ಸರಿಯಿಲ್ವಾ?"

"ಯಾರಪ್ಪಾ ಮಾಡಿದ್ದು ಈ ಮಡಕೆ?"

"ಅವರೇ, ಗೋಡೆ ಮೇಲಿದಾರಲ್ಲ."

ದೊಡ್ಡಮ್ಮ ಎದ್ದು ನಿಂತು ತಲೆವಸ್ತ್ರ ಬಿಚ್ಚಿದಳು. ಚಿತ್ರದಲ್ಲೂ ಎಡಹುಬ್ಬಿಲ್ಲ, ಇಲ್ಲೂ ಇಲ್ಲ. ಯಜಮಾನನ ಮುಖ ಇಂಗು ತಿಂದ ಮಂಗನಂತಾಯಿತು. ನನಗಂತೂ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

"ಅಮ್ಮಾ, ದೋನಾ ಒತಾಸೀಲಿಯಾ... ನಿಮ್ಮವು ಒಂದೊಂದೇ ಒಡೆದ್ವು. ಇವು ಅಚ್ಚಲ್ಲಿ ಮಾಡಿದ್ದು, ಬೇಗ ಸಿಗ್ತವೆ. ಊಟ ನಮ್ಮ ಲೆಕ್ಕ, ಕೂತ್ಕೊಳಿ."

"ಉಂಡ್ರೆ ತಾನೆ ಲೆಕ್ಕ" ಎಂದವಳೇ ಕುರ್ಚಿ ಹತ್ತಿ ಗೋಡೆಯ ಚಿತ್ರಕ್ಕೆ ಕೈ ಹಾಕಿದಳು. ಎಪ್ಪತ್ತು ವರ್ಷದ ಮುದುಕಿ. ನಾನು ಕುರ್ಚಿ ಹಿಡಿದುಕೊಂಡೆ, ಇಳಿ ಎನ್ನಲಿಲ್ಲ.

"ಅದು ಹೋಟೆಲಿನ ಸ್ವತ್ತು" ಎಂದು ಅವನು ಕೈ ಅಡ್ಡ ಹಿಡಿದ.

"ಚೌಕಟ್ಟು ನಿಂದು. ಮುಖ ನಂದು." ಚಿತ್ರವನ್ನು ಎಳೆದುಕೊಂಡು ಖಾಲಿ ಚೌಕಟ್ಟನ್ನು ಅವನ ಕೈಗಿಟ್ಟಳು. "ಇದರಲ್ಲಿ ನಿನ್ನ ಅಚ್ಚಿನ ಫೋಟೋ ಹಾಕ್ಕೋ."

ಪಕ್ಕದ ಮೇಜಿನ ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಅವರನ್ನೂ ಬಿಡಲಿಲ್ಲ. "ಚಪ್ಪಾಳೆ ಯಾಕೆ? ನಿಮ್ಮ ಮಡಕೆಗೆ ಕಿವಿ ಕೊಟ್ಟು ನೋಡಿ, ಕುದೀತಿದ್ಯಾ ಅಂತ." ಅವರು ನಿಜವಾಗಿಯೂ ಬಗ್ಗಿದರು.

ಹಸಿದುಕೊಂಡೇ ಮನೆಗೆ ಬಂದೆವು. ಅವಳನ್ನು ಒಲೆಯ ಹತ್ತಿರ ಸೇರಿಸದೆ, ಅವಳದೇ ಮಡಕೆಯಲ್ಲಿ ನಾನೇ ಮೊಕೇಕಾ ಮಾಡಿದೆ. ಉಪ್ಪು ಒಂದು ಚಿಟಿಕೆ ಹೆಚ್ಚೇ ಬಿತ್ತು. ಮೇಜಿಗೆ ತರುವಾಗ ಅದು ಕೊತಕೊತ ಎನ್ನುತ್ತಿತ್ತು. ಮಡಕೆಯ ಕೆಳಗೆ ಹಾಸಲು ಏನಾದರೂ ಬೇಕು ಎಂದೆ. ದೊಡ್ಡಮ್ಮ ಆ ಫೋಟೋವನ್ನು ನಾಲ್ಕಾಗಿ ಮಡಚಿ ಹಾಸಿದಳು.

"ಮುಖ ಸುಟ್ಟುಹೋಗುತ್ತೆ ದೊಡ್ಡಮ್ಮಾ."

"ಹುಬ್ಬು ಹೋಗಿದ್ದೂ ಈ ಮಡಕೆಗೇ ತಾನೆ. ಬಡಿಸು."