ಇಬ್ಬರು ಸಂಗಪ್ಪಂದಿರ ಯಾದಿ

ನಮ್ಮ ಹೆಡ್ ಕ್ಲಾರ್ಕರ ಬಲಗಿವಿ ಎಡಗಿವಿಗಿಂತ ಅರ್ಧ ಇಂಚು ಮುಂದಕ್ಕೆ ಬಾಗಿತ್ತು. ಮೂವತ್ತು ವರ್ಷ ಪೆನ್ಸಿಲು ಹೊತ್ತ ಕಿವಿ ಅದು. ಅವರ ನಕಲು ಮಾಡುವಾಗ ನಾನು ಮೊದಲು ಕಿವಿ ಎಳೆದುಕೊಳ್ಳುತ್ತಿದ್ದೆ. ಬಾಗಲಕೋಟೆಯ ನಮ್ಮ ನೇಕಾರರ ಸಂಘದ ಕಚೇರಿ ಅಷ್ಟಕ್ಕೇ ನಗುತ್ತಿತ್ತು. ಒಮ್ಮೆ ಅವರೇ ಹಿಂದೆ ನಿಂತು ನೋಡಿ, “ಕೆಮ್ಮೂದು ಬಿಟ್ಟಿ ನೋಡ್ಲೇ ತಮ್ಮಾ” ಎಂದು ತಿದ್ದಿ ಹೋದರು.

ಎಂಬತ್ತೇಳನೇ ಇಸವಿಯ ಮಾತು. ಕಚೇರಿಗೆ ಒಂದೇ ಕಂಪ್ಯೂಟರು, ಅದಕ್ಕೊಬ್ಬನೇ ಪಂಡಿತ: ನಾನು. ಕಲಿತದ್ದು ಆರು ತಿಂಗಳು, ಗತ್ತು ಆರು ವರ್ಷದ್ದು. ಇಳಕಲ್ಲಿನ ನೇಕಾರರ ಹೆಸರೆಲ್ಲ ಅದರೊಳಗಿದ್ದವು. ಆ ಪಟ್ಟಿಯನ್ನು ನಾನು ಡೇಟಾಬೇಸು ಎನ್ನುತ್ತಿದ್ದೆ, ಹೆಡ್ ಕ್ಲಾರ್ಕರು ಯಾದಿ ಎನ್ನುತ್ತಿದ್ದರು. ಯಾದಿಯಲ್ಲಿದ್ದವರಿಗೆ ತಿಂಗಳಿಗೊಮ್ಮೆ ನೂಲು. ಇಲ್ಲದವರ ಮಗ್ಗ ನಿಂತ ಹಾಗೆ.

ಆಗ ಕಂಪ್ಯೂಟರಿನ ಪ್ರೋಗ್ರಾಮಿನ ಹೊಸ ಆವೃತ್ತಿಯ ಫ್ಲಾಪಿ ಬಂತು. ಹಳೆಯ ಯಾದಿಯನ್ನು ಅದು ತಾನೇ ಹೊಸದಕ್ಕೆ ಒಗ್ಗಿಸುತ್ತದೆ, ಎರಡು ಸಲ ಬಂದ ಹೆಸರನ್ನು ತಾನೇ ಅಳಿಸುತ್ತದೆ, ನಾವು ಒಂದು ಗುಂಡಿ ಒತ್ತಿದರಾಯಿತು. ಶನಿವಾರದೊಳಗೆ ಮುಗಿಯಬೇಕೆಂದು ಮೇಲಿನ ಹುಕುಂ. ಗುಂಡಿಯ ಮೇಲಿದ್ದ ನನ್ನ ಬೆರಳನ್ನು ಹೆಡ್ ಕ್ಲಾರ್ಕರು ಎತ್ತಿ ಪಕ್ಕಕ್ಕಿಟ್ಟರು. ಮೊದಲು ಯಾದಿಯ ಇನ್ನೊಂದು ಪ್ರತಿ ಮಾಡಿಸಿದರು. ಆ ಪ್ರತಿಯ ಮೇಲಷ್ಟೇ ಫ್ಲಾಪಿ ಓಡಿಸಿ, ಯಾರ್ಯಾರು ಅಳಿಸಿಹೋದರೆಂದು ಕಾಗದಕ್ಕೆ ಇಳಿಸಿಕೊಂಡರು.

ಮೊದಲ ಹೆಸರು ಸಂಗಪ್ಪ ಮಲ್ಲಪ್ಪ. ಊಟದ ಜೋಂಪಿನಲ್ಲಿ ನಾನೇ ಎರಡು ಸಲ ಹೊಡೆದಿರಬೇಕೆಂದು ತಪ್ಪೊಪ್ಪಿಕೊಂಡೆ. ಜನ್ಮದಲ್ಲಿ ಮೊದಲ ಸಲ ಒಪ್ಪಿಕೊಂಡೆ, ಅದೂ ಮಾಡದ ತಪ್ಪನ್ನು. ಅವರು ಅದನ್ನು ಕೇಳದೆ ನನ್ನನ್ನೂ ಎಳೆದುಕೊಂಡು ಇಳಕಲ್ ಬಸ್ಸು ಹತ್ತಿದರು. ಹುನಗುಂದ ದಾಟುವ ತನಕ ಗೊಣಗಿದೆ.

ಮನೆ ಮುಂದೆ ನಿಂತು ಸಂಗಪ್ಪ ಎಂದು ಕೂಗಿದರೆ ಇಬ್ಬರು ಹೊರಬಂದರು. ಒಬ್ಬನಿಗೆ ಹಲ್ಲಿಲ್ಲ, ಇನ್ನೊಬ್ಬನಿಗೆ ಮೀಸೆ ಈಗಷ್ಟೇ. ಅಜ್ಜ ಸಂಗಪ್ಪ ತನ್ನ ತಂದೆ ಮಲ್ಲಪ್ಪನ ಹೆಸರನ್ನು ಮಗನಿಗಿಟ್ಟಿದ್ದ. ಆ ಮಗ ತನ್ನ ತಂದೆಯ ಹೆಸರನ್ನು ತನ್ನ ಮಗನಿಗಿಟ್ಟಿದ್ದ. ಹೀಗಾಗಿ ಅಜ್ಜನೂ ಸಂಗಪ್ಪ ಮಲ್ಲಪ್ಪ, ಮೊಮ್ಮಗನೂ ಸಂಗಪ್ಪ ಮಲ್ಲಪ್ಪ. ಮನೆ ಒಂದು, ಮಗ್ಗ ಎರಡು. ಮಾವನ ಹೆಸರು ಹೇಳಬಾರದೆಂದು ಸೊಸೆ ಹೆತ್ತ ಮಗನನ್ನೇ “ಏ ಇವನ” ಎಂದು ಕರೆಯುತ್ತಿದ್ದಳು.

ವಿಷಯ ತಿಳಿದ ಅಜ್ಜ ಕೇಳಿದ: “ಒಬ್ಬರನ್ನ ಅಳಸ್ತೈತೇನ್ರಿ ನಿಮ್ಮ ಮಷೀನು? ಯಾರನ್ನ?”

ಹೆಡ್ ಕ್ಲಾರ್ಕರು ನನ್ನತ್ತ ತಿರುಗಿದರು. “ಹೇಳಪಾ ಪಂಡಿತ. ಅಜ್ಜನ ಮಗ್ಗ ನಿಲ್ಲಸೂಣೋ, ಮೊಮ್ಮಗಂದೋ?”

“ಇವನ ಮಗ್ಗ ನಡೀಲ್ರಿ” ಎಂದು ಅಜ್ಜ ಮೊಮ್ಮಗನತ್ತ ಬೆರಳು ತೋರಿದ, ಮೊಮ್ಮಗ ಅಜ್ಜನತ್ತ. ನಾನು ಕಾಗದ ತೆಗೆದು ಆ ಹೆಸರಿನ ಪಕ್ಕ ‘ಇಬ್ಬರು’ ಎಂದು ಬರೆದುಕೊಂಡೆ.

ಇಂಥ ಮನೆ ಅದೊಂದೇ ಅಲ್ಲ. ನಾಲ್ಕು ದಿನ ಓಣಿ ಓಣಿ ತಿರುಗಿ, ಪ್ರತಿ ಮಗ್ಗದ ಕಂಬಕ್ಕೆ ಸಂಘದವರು ಬಳಿದಿದ್ದ ನಂಬರು ಬರೆದುಕೊಂಡೆವು. ಶನಿವಾರ ಕಳೆಯಿತು. ಮೇಲಧಿಕಾರಿ ಫೋನಿನಲ್ಲಿ ಗುಡುಗಿದರು. ಅವರು ದಣಿಯುವ ತನಕ ಕಾದು ಹೆಡ್ ಕ್ಲಾರ್ಕರು ಮೆಲ್ಲಗೆ ಹೇಳಿದರು: “ಇನ್ನೊಂದ ದಿನಾ ಕೊಡ್ರಿ ಸಾಹೇಬ್ರ. ಯಾದ್ಯಾಗ ಇರೂದು ಮನಷ್ಯಾರ್ರಿ.”

ಹೆಸರಿನ ಪಕ್ಕ ಮಗ್ಗದ ನಂಬರು ಸೇರಿಸಿದ ಮೇಲೆಯೇ ಗುಂಡಿ ಒತ್ತಲು ಬಿಟ್ಟರು. ಯಂತ್ರ ಯಾರನ್ನೂ ಅಳಿಸಲಿಲ್ಲ.

ಎರಡು ವರ್ಷಕ್ಕೆ ಹೆಡ್ ಕ್ಲಾರ್ಕರೇ ತೀರಿಕೊಂಡರು. ಅವರ ಮನೆಯ ಮುಂದಿನ ಗುಂಪಿನಲ್ಲಿ ಇಳಕಲ್ಲಿನ ಅಜ್ಜ ಸಂಗಪ್ಪ ಮೊಮ್ಮಗನ ತೋಳು ಹಿಡಿದು ನಿಂತಿದ್ದ. ನನ್ನನ್ನು ಕಂಡು ಹತ್ತಿರ ಬಂದ.

“ಇಬ್ಬರೂ ಬಂದೇವ್ರಿ” ಎಂದ.