ಬೆರಣಿ ಸುಡದ ಮನೆಯಲ್ಲಿ ಝೂರಕನ್

ನಾರಿನ್ ಪೇಟೆಯ ಅಂಕಿಸಂಖ್ಯೆ ಕಚೇರಿಯಲ್ಲಿ ಝೂರಕನ್ ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ. ಮನೆಮನೆಗೆ ಹೋಗಿ ಏನು ಉಂಡಿರಿ, ಏನು ಸುಟ್ಟಿರಿ, ಏನು ಕೊಂಡಿರಿ ಎಂದು ಕೇಳಿ ಬರೆದುಕೊಳ್ಳುವುದು. ಪೇಟೆಯವರ ಉತ್ತರಕ್ಕೆ ಹಾಳೆ ಸಾಲುತ್ತಿರಲಿಲ್ಲ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಕಲೀಚಾ ಎಂಬವಳ ಮನೆಯಲ್ಲಿ ಮಾತ್ರ ನಾಲ್ಕೇ ಸಾಲು: ಕುರಿ, ಹಾಲು, ಹಿಟ್ಟು, ಬೆರಣಿ.

ಗಂಡ ಸತ್ತ ವರ್ಷ ಝೂರಕನ್ ಆ ಮನೆಯಲ್ಲಿ ಮೂರು ದಿನ ಹಿಮಕ್ಕೆ ಸಿಕ್ಕಿಬಿದ್ದಿದ್ದಳು. ಕಲೀಚಾಳ ಅತ್ತೆ ಒಂದು ಮಾತೂ ಕೇಳದೆ ಬೆರಣಿ ಬೆಂಕಿಯ ಪಕ್ಕ ಕಂಬಳಿ ಹಾಸಿ, ಕೈಗೆ ಉಪ್ಪು ಹಾಕಿದ ಹಾಲು ಚಹಾ ಇಟ್ಟಿದ್ದಳು. ಝೂರಕನ್ ಮನಸಾರೆ ಅತ್ತದ್ದು ಅಲ್ಲಿ ಮಾತ್ರ. ಆಮೇಲೆ ಆ ಮನೆಗೆ ಹೋಗುವ ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದಳು. ಮುದುಕಿ ತೀರಿಕೊಂಡ ಮೇಲೆ ಮೇಲಧಿಕಾರಿಗಳು ಆ ಊರನ್ನು ಬೇರೆಯವರಿಗೆ ವಹಿಸಿದರು.

ನಿವೃತ್ತಿಯ ವರ್ಷ ಆ ಊರು ಮತ್ತೆ ಅವಳ ಪಾಲಿಗೆ ಬಂತು. ಹೊರಡುವ ಮುನ್ನ ರಾಜಧಾನಿಯಿಂದ ಬಂದಿದ್ದ ತಿಲೆಕ್ ಎಂಬ ಹೊಸ ಅಧಿಕಾರಿ ಗೋಡೆಯ ಮೇಲಿನ ರೇಖಾನಕ್ಷೆ ತೋರಿಸಿದ. ಒಬ್ಬೊಬ್ಬ ಮನುಷ್ಯನ ಬದುಕಿಗೆ ಎಷ್ಟು ನೆಲ, ನೀರು, ಕಾಡು ಸವೆಯುತ್ತದೆ ಎಂಬುದರ ಗೆರೆಗಳು ಅವು.

"ನೋಡಿ ಅಕ್ಕಾ, ಪಕ್ಕದ ದೇಶದ ಕಜಕರದು ಮೇಲಿಂದ ಇಳೀತಿದೆ, ನಮ್ದು ಕೆಳಗಿಂದ ಏರ್ತಿದೆ. ಒಂದಿನ ಕೂಡಬಹುದು."

"ಕೂಡಿದ್ಮೇಲೆ?"

"ನಂಗೆ ಬಡ್ತಿ," ಎಂದು ನಕ್ಕ.

ಬೆಟ್ಟ ಹತ್ತಿ ಬಂದವಳನ್ನು ಕಲೀಚಾ ಬಾಗಿಲಲ್ಲೇ ತಬ್ಬಿಕೊಂಡಳು. ಒಳಗೆ ಹೊಗೆಯ ವಾಸನೆಯೇ ಇರಲಿಲ್ಲ.

"ಬರ್ಕೋ ಅಕ್ಕಾ, ನಾಚ್ಕೋಬೇಡ. ಫ್ರಿಜ್ಜು, ಬಟ್ಟೆ ಒಗೆಯೋ ಮಿಷನ್ನು, ಹಳೇ ಜಪಾನಿ ಕಾರು. ಮೂರು ಟನ್ ಕಲ್ಲಿದ್ದಲು. ಹೊರದೇಶದ ಕೋಳಿ ಕಾಲು, ಒಂದು ಪೆಟ್ಟಿಗೆ."

ಝೂರಕನ್‌ಳ ಪೆನ್ನು ನಿಂತಿತು. ತನ್ನ ಮನೆಯ ಹಾಳೆಯನ್ನೇ ಬರೆಯುತ್ತಿದ್ದಂತಿತ್ತು. "ಬೆರಣಿ?"

"ಇಲ್ಲ."

"ಒಂದು ಬುಟ್ಟಿನೂ?"

"ನಮ್ಮತ್ತೆ ಕೆಮ್ಮಿ ಕೆಮ್ಮಿ ಸತ್ತಿದ್ದು ಯಾವ ಹೊಗೇಲಿ ಅನ್ಕೊಂಡೆ? ನೀನು ಪೇಟೇಲಿ ನಲ್ಲಿ ತಿರುಗಿಸಿ ಬಿಸಿನೀರು ಹಿಡೀತೀಯ. ಅಪರೂಪಕ್ಕೆ ಬರೋ ನಿಂಗೆ ಹಿತವಾಗಿರ್ಲಿ ಅಂತ ನಾನಿಲ್ಲಿ ಸಗಣಿ ತಟ್ತಾ ಕೂರ್ಬೇಕಾ?"

ಝೂರಕನ್ ಪೆನ್ನು ಕೆಳಗಿಟ್ಟು, "ನಂಗೆ ಬೆರಣಿ ಬೇಡ ಕಣೆ. ಅವಳು ಬೇಕು," ಎಂದಳು.

ಕಲೀಚಾಳ ಮುಖದ ಬಿಗುವು ಸಡಿಲಿತು. "ನಂಗೂ," ಎಂದಳು. ಗೂಟದಲ್ಲಿದ್ದ ಕಾರಿನ ಕೀಲಿ ತೆಗೆದುಕೊಂಡಳು. "ಬಾ, ಹೋಗಿ ನೋಡ್ಕೊಂಡು ಬರೋಣ. ಎರಡು ಲೀಟರ್ ಪೆಟ್ರೋಲು, ಅದನ್ನೂ ಬರ್ಕೋ."

ಝೂರಕನ್ ಬರೆದುಕೊಂಡಳು. ಬೆರಣಿಯ ಮುಂದೆ ಸೊನ್ನೆ ಸುತ್ತಿ ಹಾಳೆ ಮಡಚಿದಳು.

ದಿಬ್ಬದ ಮೇಲಿನ ಅತ್ತೆಯ ಸಮಾಧಿಯ ಮುಂದೆ ಇಬ್ಬರೂ ಅಂಗೈ ಬಿಚ್ಚಿ ಬೇಡಿಕೊಂಡು, ಮುಖ ಸವರಿಕೊಂಡು ಕುಳಿತರು. ಗಾಳಿ ತಣ್ಣಗಾಗುತ್ತಿತ್ತು. ಹೊರಡೋಣ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.