ಅದೇ ಜ್ವರ

ಮಗಳಿಗೆ ಆಗ ಏಳು ವರ್ಷ. ಮಾನ್ವಿಯ ನಮ್ಮ ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದಳು. ಕುತ್ತಿಗೆಯ ಎರಡೂ ಬದಿಗೆ ಗಂಟು, ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಔಷಧಿ ಅಂಗಡಿಯವನು ಕೊಟ್ಟ ಗುಳಿಗೆ ನುಂಗಿಸಿದ ಮೇಲೆ ಮೈತುಂಬ ಕೆಂಪು ಗುಳ್ಳೆ ಎದ್ದವು.

ನಮ್ಮತ್ತೆಗೆ ಅಷ್ಟು ಸಾಕಾಯಿತು. "ಅಮ್ಮ ಬಂದಾಳ. ಇನ್ನ ಗುಳಿಗಿ ಗಿಳಿಗಿ ಅಂದು ಆಕಿಗೆ ಸಿಟ್ಟು ತರಸಬ್ಯಾಡ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ಬಂದ್. ಸಪ್ಪೆ ಬೇಳೆ ತಿಂದು ತಿಂದು ಸಿಟ್ಟು ಬಂದದ್ದು ಅಮ್ಮನಿಗಲ್ಲ, ನನಗೆ. ಮಗಳನ್ನು ಎತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದೆ.

ಅಲ್ಲಿನ ಮಕ್ಕಳ ಡಾಕ್ಟರು ಟಾರ್ಚ್ ಬಿಟ್ಟು ಗಂಟಲು ನೋಡಿದರು. ಕುತ್ತಿಗೆ, ಕಂಕುಳು ಮುಟ್ಟಿದರು, ಎಡ ಪಕ್ಕೆಲುಬಿನ ಕೆಳಗೆ ಒತ್ತಿದರು, ರಕ್ತ ತೆಗೆಸಿದರು. ವರದಿ ಬಂದ ಮೇಲೆ, "ಅಮ್ಮ ಅಲ್ರಿ, ಇದು ಗ್ರಂಥಿ ಜ್ವರ. ಇದು ಇದ್ದಾಗ ಆ ಗುಳಿಗಿ ತಗೊಂಡ್ರ ಹಿಂಗ ಗುಳ್ಳಿ ಏಳ್ತಾವ. ನೀರು ಕುಡಿಸ್ರಿ, ಮಲಗಸ್ರಿ, ತಾನ ಇಳೀತದ" ಎಂದರು. ಇಳಿಯಿತು.

ಚಳಿಗಾಲಕ್ಕೆ ಮತ್ತೆ ಜ್ವರ, ಮತ್ತೆ ಗಂಟು. ಈ ಸಲ ಅತ್ತೆ ಬೇವಿನ ಗಿಡದ ಕಡೆ ನೋಡಲೇ ಇಲ್ಲ. ಅಷ್ಟರಲ್ಲಿ ಅವರೇ ಅರ್ಧ ಡಾಕ್ಟರಾಗಿದ್ದರು. "ಅದೇ ಗ್ರಂಥಿ ಜ್ವರ, ಏನೂ ಆಗಂಗಿಲ್ಲ" ಎಂದು ಓಣಿಯವರಿಗೂ ತಿಳಿಹೇಳಿದರು. ನನಗೂ ನಿರಾಳವೇ. ಹೆಸರು ಗೊತ್ತಿರುವ ರೋಗಕ್ಕೆ ಯಾರು ಹೆದರುತ್ತಾರೆ? ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಮಗಳ ಮುಖ ಬಿಳುಚಿಕೊಂಡು, ಎಲ್ಲೂ ಬೀಳದಿದ್ದರೂ ಕಾಲ ಮೇಲೆ ನೀಲಿ ಕಲೆ ಕಂಡಾಗ ಮಾತ್ರ ಅವಳನ್ನು ಎತ್ತಿಕೊಂಡು ಮತ್ತೆ ಬಸ್ಸಿಗೆ ನಡೆದೆ. ಅತ್ತೆಯೂ ನಮ್ಮ ಜೊತೆ ರಾಯಚೂರಿಗೆ ಹೊರಟರು.

ಅದೇ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ, "ಒಮ್ಮಿ ಬಂದ್ ಹೋದ ಗ್ರಂಥಿ ಜ್ವರ ತಿರುಗಿ ಬರೋದು ಭಾಳ ಕಮ್ಮಿ ರೀ. ಮತ್ತ ಮತ್ತ ಬಂದ್ರ ಬ್ಯಾರೆ ಏನದ ಅಂತ ನೋಡಬೇಕಾಗತದ" ಎಂದರು. ರಕ್ತ ನೋಡಿದರು, ಆಮೇಲೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿಸಿದರು. ರಕ್ತದ ಕ್ಯಾನ್ಸರ್.

ಅತ್ತೆ ಡಾಕ್ಟರಿಗೆ ಕೈಮುಗಿದು, "ಇಲ್ರಿ ಯಪ್ಪಾ, ಅದೇ ಜ್ವರ ಅನ್ರಿ" ಎಂದರು. ಆ ಮುದುಕಿಯ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಹಿಂದೆಂದೂ ಹುಟ್ಟಿರಲಿಲ್ಲ.

ಡಾಕ್ಟರು ಹೈದರಾಬಾದಿಗೆ ಕರೆದೊಯ್ಯಲು ಹೇಳಿದರು. ಮೊದಲ ಸಲ ರೈಲು ಹತ್ತಿದ ಮಗಳಿಗೆ ಖುಷಿಯೋ ಖುಷಿ. ಕಿಟಕಿಗೆ ಮುಖ ಒತ್ತಿಕೊಂಡು, "ಯವ್ವಾ, ನನಗ ಆರಾಮಾದ ಮ್ಯಾಲ ಊರಿಗೂ ರೈಲಿನಾಗ ಹೋಗೂಣು?" ಎಂದಳು. ಹೂಂ ಅಂದೆ.

ಬೇಸಿಗೆ ಮುಗಿಯುವ ಮೊದಲೇ ಅವಳನ್ನು ಆಂಬುಲೆನ್ಸಿನಲ್ಲಿ ಊರಿಗೆ ತಂದೆವು.